ಹನ್ನೆರಡು ತಾಸಿನ ಅಂತರ

ಶ್ರೇಣಿಕ ತೀರಿಕೊಂಡಾಗ ಶ್ರದ್ಧಾಂಜಲಿ ಪತ್ರಿಕೆ ಬರೆದು ಅಚ್ಚು ಹಾಕಿದವನು ನಾನೇ. ‘ಹೃದಯಾಘಾತದಿಂದ ನಿಧನ’ ಎಂದು ಅದರಲ್ಲಿದೆ. ಅದು ಸುಳ್ಳು. ಅವನಿಗಿದ್ದದ್ದು ಮೂರ್ಛೆರೋಗ, ಮಂದಿ ಫಿಟ್ಸ್ ಅನ್ನುವುದು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಲಗಿದಲ್ಲೇ, ಆ ರೋಗದಿಂದ ಸತ್ತ. ಇದು ಗೊತ್ತಿದ್ದವರು ನಾಲ್ಕು ಜನ: ಅವನ ತಾಯಿ ಸೋನಾಬಾಯಿ, ಅಣ್ಣ ಜಿನಪಾಲ, ಅತ್ತಿಗೆ, ಮತ್ತು ನಾನು. ನಾಲ್ವರೂ ಆ ಪತ್ರಿಕೆ ಓದಿದೆವು. ಯಾರೂ ತಪ್ಪು ತೆಗೆಯಲಿಲ್ಲ.

ನಾವಿಬ್ಬರೂ ಬೆಳಗಾವಿಯ ವಡಗಾವಿಯವರು. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಪವರ್‌ಲೂಮ್ ಶೆಡ್ಡು ಮಾತ್ರ. ಅದರ ಖಟಖಟ ನಿಂತರೆ ಕರೆಂಟು ಹೋಯಿತೆಂದು ಎರಡೂ ಮನೆಗೆ ತಿಳಿಯುತ್ತಿತ್ತು. ಅವರು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ನಾವು ಲಿಂಗಾಯತರು, ನಮ್ಮಲ್ಲಿ ಒಂಬತ್ತಕ್ಕೆ ಊಟ. ಸಣ್ಣವನಿದ್ದಾಗ ನಾನು ಐದೂವರೆಗೆ ಅವರ ಮನೆಯಲ್ಲಿ ಉಂಡು ಒಂಬತ್ತಕ್ಕೆ ನಮ್ಮ ಮನೆಯಲ್ಲಿ ಮತ್ತೆ ಉಣ್ಣುತ್ತಿದ್ದೆ. ಅವನಿಗೆ ಆ ಅವಕಾಶವಿರಲಿಲ್ಲ. ‘ಎರಡು ಧರ್ಮದ ಹೊಟ್ಟಿ’ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದ.

ಹತ್ತನೆಯ ತರಗತಿ ಆದಮೇಲೆ ನಾನು ಅಪ್ಪನ ಸಣ್ಣ ಪ್ರೆಸ್ಸಿಗೆ ಕೂತೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಶ್ರದ್ಧಾಂಜಲಿ. ಅವನು ಆಟೋ ನಗರದಲ್ಲಿ ಒಬ್ಬ ಪೇಂಟರನ ಕೈಕೆಳಗೆ ಸೇರಿ ಲಾರಿಗಳ ಮೇಲೆ ಅಕ್ಷರ ಬರೆಯುವುದನ್ನು ಕಲಿತ. ನಾನು ಅಚ್ಚು ಹಾಕುವವ, ಅವನು ಕೈಯಿಂದ ಬರೆಯುವವ. ‘ನಿಂದು ಹರದ ಹೋಗತೈತಿ, ನಂದು ಗೋವಾ ತನಾ ಹೋಗತೈತಿ’ ಅನ್ನುತ್ತಿದ್ದ. ಆ ಮಾತು ನಿಜ. ಖಾನಾಪುರದ ಇಟ್ಟಂಗಿ ಭಟ್ಟಿಗಳ ಲಾರಿಗಳೆಲ್ಲ ಅವನ ಕೈಯವೇ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಎರಡರಲ್ಲೂ ಅವನ ಗೆರೆ ಒಂದೇ ತೂಕದ್ದು. ಈಗ ಎಲ್ಲರೂ ಸ್ಟಿಕ್ಕರ್ ಅಂಟಿಸುತ್ತಾರೆ, ಆದರೂ ಖಾನಾಪುರದ ಕೆಲವು ಮಾಲೀಕರು ಶ್ರೇಣಿಕನೇ ಬರಬೇಕೆಂದು ಕಾಯುತ್ತಿದ್ದರು.

ಒಂದು ಕೆಲಸ ಮಾತ್ರ ಅವನು ಮಾಡುತ್ತಿರಲಿಲ್ಲ. ಕ್ಯಾಬಿನ್ನಿನ ನೆತ್ತಿಯ ಮೇಲಿನ ಪಟ್ಟಿಗೆ ನಿಚ್ಚಣಿಕೆ ಹತ್ತಬೇಕು. ಅವನು ಹತ್ತುತ್ತಿರಲಿಲ್ಲ. ಹೆದರಿಕೆ ಎಂದು ಹೇಳುತ್ತಿದ್ದ. ಯಲ್ಲೇಶ ಎಂಬ ಡ್ರೈವರ್ ಯಾವಾಗಲೂ ಕಾಡುತ್ತಿದ್ದ.

‘ಏ ಶ್ರೇಣಿಕ್ಯಾ, ಮ್ಯಾಲಿನ ಪಟ್ಟಿ ಯಾರ ಬರೀಬೇಕು, ನಿಮ್ಮಪ್ಪ ಬರ್ತಾನೇನು?’

‘ದೇವರ ಹೆಸರು ಹೌದಲ್ಲೊ? ದೇವರಿಗೆ ಕಣ್ಣು ಚಲೋ ಅದಾವ. ಬಂಪರ್ ಮ್ಯಾಲ ಬರದ್ರೂ ಓದತಾನ.’

ಬೈಕ್ ಓಡಿಸುತ್ತಿರಲಿಲ್ಲ. ಖಾನಾಪುರಕ್ಕೆ ಹೋದಾಗ ಎಲ್ಲರೂ ಮಲಪ್ರಭೆಗೆ ಇಳಿದರೆ ಅವನು ದಂಡೆಯ ಮೇಲೆ ಬಟ್ಟೆ ಕಾಯುತ್ತಿದ್ದ. ಲಗ್ನವಾಗಲಿಲ್ಲ. ಮೂರು ಸಂಬಂಧ ಬಂದವು, ಮೂರನ್ನೂ ತಾನೇ ಬೇಡ ಅಂದ. ಮಂದಿ ಅವನನ್ನು ಪುಕ್ಕಲ ಅಂದರು, ಜಿಪುಣ ಅಂದರು, ಇನ್ನೂ ಏನೇನೋ ಅಂದರು. ಎಲ್ಲದಕ್ಕೂ ನಗುತ್ತಿದ್ದ. ನಾನೂ ಅವರ ಜೊತೆ ಸೇರಿ ನಕ್ಕಿದ್ದೇನೆ. ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನದವರೆಗೆ.

ಅಂದು ಖಾನಾಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದವನು ಒಂದು ವಿಚಿತ್ರ ದನಿ ತೆಗೆದು ನೆಟ್ಟಗೆ ಹಿಂದಕ್ಕೆ ಬಿದ್ದ. ಕೈಕಾಲು ಬಡಿದವು. ಬಾಯಲ್ಲಿ ನೊರೆ. ಮಂದಿ ಕೂಡಿತು. ಒಬ್ಬ ಕೀಲಿಗೊಂಚಲನ್ನು ಅವನ ಮುಷ್ಟಿಗೆ ತುರುಕಿದ, ಇನ್ನೊಬ್ಬ ಚಪ್ಪಲಿ ಮೂಸಿಸು ಅಂದ. ತರಕಾರಿ ಮಾರುವ ಮುದುಕಿಯೊಬ್ಬಳು ಮಾತ್ರ ಮರಾಠಿಯಲ್ಲಿ ಎಲ್ಲರನ್ನೂ ಬೈದು ಸರಿಸಿ, ತನ್ನ ಸೆರಗಿನಿಂದ ಅವನ ತಲೆಯ ಕೆಳಗೆ ದಿಂಬು ಮಾಡಿ, ಪಕ್ಕಕ್ಕೆ ಹೊರಳಿಸಿದಳು. ಎರಡು ನಿಮಿಷದಲ್ಲಿ ನಿಂತಿತು. ಎಚ್ಚರವಾಗಲು ಮತ್ತೂ ಅರ್ಧ ತಾಸು ಬೇಕಾಯಿತು. ಪ್ಯಾಂಟು ಒದ್ದೆಯಾಗಿತ್ತು. ಅವನು ಮೊದಲು ಕೇಳಿದ್ದು, ‘ನಮ್ಮ ಪೈಕಿ ಯಾರರೆ ಇದ್ರೇನು?’

ಬಸ್ಸಿನಲ್ಲಿ ಹೇಳಿದ. ಹದಿನಾರನೆಯ ವಯಸ್ಸಿನಿಂದ ಇದೆಯಂತೆ. ಹೆಚ್ಚಾಗಿ ನಿದ್ದೆಯಲ್ಲಿ ಬರುತ್ತದೆ, ಅದಕ್ಕೇ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಅದಕ್ಕೆ ‘ಪಿತ್ತ’ ಎಂದು ಹೆಸರು. ಸಪ್ಪಳ ಓಣಿಗೆ ಕೇಳಬಾರದೆಂದು ಅವನನ್ನು ಮಾಳಿಗೆಯ ಖೋಲಿಯಲ್ಲಿ ಮಲಗಿಸುತ್ತಾರೆ. ಶೆಡ್ಡಿನ ಖಟಖಟದಲ್ಲಿ ಏನೂ ಕೇಳುವುದಿಲ್ಲ.

‘ಲಗ್ನ ಅದಕ್ಕ ಬ್ಯಾಡ ಅಂದ್ಯಾ?’

‘ಒಬ್ಬಾಕಿಗೆ ಸುಳ್ಳ ಹೇಳಿ ಮನಿಗೆ ತರೂದು ನನಗ ಆಗಂಗಿಲ್ಲ. ಖರೇ ಹೇಳಾಕ ಅಣ್ಣ ಬಿಡಂಗಿಲ್ಲ. ಪ್ರಾಚಿ ಅದಾಳಲಾ.’

ಪ್ರಾಚಿ ಜಿನಪಾಲನ ಒಬ್ಬಳೇ ಮಗಳು. ಆಗ ಹದಿನಾರು. ಮನೆತನದಲ್ಲಿ ಫಿಟ್ಸ್ ಇದೆ ಎಂದಾದರೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ ಎನ್ನುವುದು ಆ ಮನೆಯ ಒಂದೇ ಭಯ. ಶ್ರೇಣಿಕನಿಗೆ ಅವಳ ಮೇಲೆ ಪ್ರಾಣ. ಸ್ಲೇಟಿನ ಮೇಲೆ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವನೇ ಅವನು. ಅವಳ ಸಲುವಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಹೇಳುವಾಗ ಅವನ ಮುಖದಲ್ಲಿ ದುಃಖ ಇರಲಿಲ್ಲ. ಏನೋ ಒಳ್ಳೆಯದನ್ನು ಮಾಡುತ್ತಿರುವವನ ಹಾಗೆ ಕಂಡ. ನನಗೂ ಅದು ಒಳ್ಳೆಯದೆಂದೇ ಅನ್ನಿಸಿತು. ನಾನೂ ಬಾಯಿ ಮುಚ್ಚಿಕೊಂಡೆ.

ಎರಡೂವರೆ ವರ್ಷದ ಹಿಂದೆ, ಗುಳಿಗೆ ನುಂಗುತ್ತಿದ್ದರೂ, ತಿಂಗಳಿಗೆ ಎರಡು ಸಲ ಬರತೊಡಗಿತು. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟು, ತಲೆಗೆ ತಂತಿ ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಮೆದುಳಿನಲ್ಲಿ ಏಳುವ ಅಲೆಗಳನ್ನು ನೋಡಬೇಕೆಂದು ಡಾಕ್ಟರು ಹೇಳಿದರು. ಜೊತೆಗೆ ಒಬ್ಬರು ಇರಬೇಕು. ಜಿನಪಾಲ ನನ್ನ ಪ್ರೆಸ್ಸಿಗೆ ಬಂದ.

‘ಆ ದವಾಖಾನಿ ಎದರಿಗೇ ನಮ್ಮ ಮಾವನ ಅಂಗಡಿ ಐತಿ. ನೀ ಕುಂದರು ಕಲ್ಮೇಶ. ನಿನ್ನ ಯಾರ ಕೇಳ್ತಾರ?’

ಕೂತೆ. ಎರಡನೆಯ ದಿನ ಇನ್ನೇನು ಬೆಳಗಾಗಬೇಕು ಅನ್ನುವಾಗ ಬಂತು. ನರ್ಸು ಓಡಿ ಬಂದಳು, ನನ್ನನ್ನು ಹೊರಗೆ ಕಳಿಸಿದಳು. ಹತ್ತು ಗಂಟೆಗೆ ಆ ಯಂತ್ರ ನೋಡಿಕೊಳ್ಳುವ ಅನಿಕೇತ ಎಂಬ ಹುಡುಗ ಚಹಾ ಕುಡಿಯುತ್ತ ನನ್ನನ್ನು ಕರೆದ. ಖಾನಾಪುರದ ಕಡೆಯವನು, ಶ್ರೇಣಿಕನ ಅಕ್ಷರಗಳನ್ನು ಲಾರಿಗಳ ಮೇಲೆ ನೋಡಿ ಬಲ್ಲವನು.

‘ಬರ್ರಿ ಸರ್, ಕುಂದರ್ರಿ. ನೋಡ್ರಿ, ಇದು ನಿದ್ದಿ. ಇಲ್ಲಿಂದ ಫಿಟ್ ಶುರು.’

ಪರದೆಯ ತುಂಬ ಇಪ್ಪತ್ತು ಗೆರೆಗಳು ಒಂದರ ಮೇಲೊಂದು ಹುಚ್ಚೆದ್ದು ಬರೆದುಕೊಂಡಿದ್ದವು. ಅವನು ಪರದೆಯನ್ನು ಮುಂದೆ ಸರಿಸಿದ. ಗೆರೆಗಳೆಲ್ಲ ಒಮ್ಮೆಲೇ ಸಪಾಟಾದವು. ಶಾಯಿ ತೀರಿದ ಮೇಲೂ ಮಷಿನ್ನು ಓಡುತ್ತಿದ್ದರೆ ಹಾಳೆಗಳು ಖಾಲಿ ಬೀಳುತ್ತವಲ್ಲ, ಹಾಗೆ. ಇನ್ನೂ ಸರಿಸಿದ. ಖಾಲಿ. ಇನ್ನೂ ಖಾಲಿ.

‘ಯಂತ್ರ ಬಂದ್ ಬಿತ್ತೇನು?’

‘ಯಂತ್ರ ಚಾಲೂ ಐತ್ರಿ. ಫಿಟ್ ನಿಂತ ಮ್ಯಾಲ ಮೆದುಳು ಹಿಂಗ ಸುಮ್ಮ ಆಗತೈತಿ. ಕೆಲವರಿಗೆ ಐದು ಸೆಕೆಂಡ್, ಹತ್ತು ಸೆಕೆಂಡ್. ಇವರಿಗೆ ಐವತ್ತೆಂಟು. ಉಸರೂ ಭಾಳ ಸಣ್ಣ ಆಗಿತ್ತು. ಸಿಸ್ಟರ್ ಹೊಳ್ಳಿಸಿ ಹಾಕಿ, ಭುಜಾ ಹಿಡದ ಅಳಗ್ಯಾಡಿಸಿ, ಹೆಸರ ಕರದ ಒದರಿದ್ಲು. ಆಮ್ಯಾಲ ದಮ್ಮ ಎಳದ್ರು.’

‘ಮನ್ಯಾಗ ಯಾರ ಒದರಬೇಕು?’

ಅವನು ಕಪ್ಪು ಕೆಳಗಿಟ್ಟ. ‘ಅದನ್ನ ಡಾಕ್ಟರಿಗೆ ಕೇಳ್ರಿ ಸರ್.’

ಕೇಳಿದೆ. ಡಾಕ್ಟರು ಕೆಟ್ಟವರಲ್ಲ. ಹೊರಗೆ ಅರವತ್ತು ಜನ ಕೂತಿದ್ದರು. ‘ಎರಡು ಹೊತ್ತು ಗುಳಿಗೆ, ಹನ್ನೆರಡು ತಾಸಿನ ಅಂತರ. ಬೆಳಿಗ್ಗೆ ಎಂಟು, ರಾತ್ರಿ ಎಂಟು. ತಪ್ಪಿಸಬಾರದು. ನಿದ್ದೆಗೆಡಬಾರದು. ರಾತ್ರಿ ಖೋಲಿಯಲ್ಲಿ ಒಬ್ಬರು ಇರಬೇಕು’ ಎಂದರು. ಆ ಖಾಲಿ ಗೆರೆಗಳ ವಿಷಯ ಎತ್ತಿದೆ. ‘ಹಾಗೆ ಮಲಗಿದಲ್ಲೇ ಹೋಗುವವರು ವರ್ಷಕ್ಕೆ ಸಾವಿರಕ್ಕೆ ಒಬ್ಬರು. ಫಿಟ್ಸ್ ಹತೋಟಿಗೆ ಬರದವರಲ್ಲಿ ಅದಕ್ಕಿಂತ ಹೆಚ್ಚು. ಪೇಷಂಟಿಗೆ ಅದನ್ನೆಲ್ಲ ಹೇಳಿ ಯಾಕೆ ಹೆದರಿಸುತ್ತೀರಿ?’ ಎಂದು ಮುಂದಿನ ಹೆಸರು ಕರೆಸಿದರು.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಫಿಟ್ಸ್ ನಿಂತ ಮೇಲೆ ಮೆದುಳು ಬಹಳ ಹೊತ್ತು ಸುಮ್ಮನಾಗುವವರಿಗೆ ಅಪಾಯ ಹೆಚ್ಚು ಎಂದು ಕೆಲವರು ಬರೆದಿದ್ದರು. ಹಾಗೆಂದು ಖಚಿತ ಹೇಳಲಾಗದು ಎಂದು ಇನ್ನು ಕೆಲವರು. ಮೆದುಳು ಮೊದಲು ನಿಲ್ಲುತ್ತದೋ, ಉಸಿರೋ, ಎದೆಬಡಿತವೋ ಎಂಬುದೇ ಇನ್ನೂ ಪೂರ್ತಿ ತಿಳಿದಿಲ್ಲ. ಆದರೆ ಎಲ್ಲರೂ ಒಪ್ಪಿದ ಮಾತು ಸಾದಾ ಇತ್ತು. ಮೈ ಪೂರ್ತಿ ಬಡಿಯುವ ಫಿಟ್ಸ್ ಮತ್ತೆ ಮತ್ತೆ ಬರುವವರು, ಅದು ನಿದ್ದೆಯಲ್ಲಿ ಬರುವವರು, ಒಬ್ಬರೇ ಮಲಗುವವರು, ಗುಳಿಗೆ ತಪ್ಪಿಸುವವರು: ಸಾಯುವವರು ಹೆಚ್ಚಾಗಿ ಇವರೇ.

ಆದರೆ ಅದೆಲ್ಲ ಆಮೇಲಿನದು. ಅಂದು ಮಧ್ಯಾಹ್ನ ಆಸ್ಪತ್ರೆಯ ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತಿದ್ದೆವು. ಅವನ ಕೂದಲಲ್ಲಿ ತಂತಿಯ ಅಂಟು ಇನ್ನೂ ಹಾಗೇ ಇತ್ತು. ಉಗುರಿನಿಂದ ಕೆರೆಯುತ್ತ ಕೇಳಿದ.

‘ಲೇ ಕಲ್ಮ್ಯಾ, ಖರೇ ಹೇಳು. ಇದರಾಗ ಸಾಯ್ತಾರೇನು?’

‘ಹುಚ್ಚಾ, ಫಿಟ್ಸ್ ಬಂದು ಯಾರರೆ ಸಾಯ್ತಾರೇನು? ಬಿದ್ದು ಪೆಟ್ಟ ಹತ್ತಿದ್ರ ಮಾತು ಬ್ಯಾರೆ.’

‘ಹಂಗಾರ ಛಾ ಕುಡಸು.’

ಕುಡಿಸಿದೆ. ಸಾವಿರಕ್ಕೆ ಒಬ್ಬರು ಎನ್ನುವ ಮಾತನ್ನು ಅರ್ಧ ತಾಸಿನ ಹಿಂದೆಯಷ್ಟೇ ಕೇಳಿ ಬಂದಿದ್ದೆ. ಧೈರ್ಯ ಹೇಳುತ್ತಿದ್ದೇನೆ ಅಂದುಕೊಂಡೆ. ಗೆಳೆಯ ಹೇಳಬೇಕಾದದ್ದು ಇದೇ ಅಂದುಕೊಂಡೆ. ಹೆದರಿದ್ದು ಅವನಲ್ಲ, ನಾನು. ಅವನ ಮುಖ ನೋಡಿ ಆ ಮಾತು ಹೇಳುವ ತಾಕತ್ತು ನನಗಿರಲಿಲ್ಲ.

ಸೋನಾಬಾಯಿಗೆ ಅರ್ಧ ಹೇಳಿದೆ, ರಾತ್ರಿ ಅವನೊಬ್ಬನೇ ಮಲಗಬಾರದು ಎಂದಷ್ಟೇ. ಎಪ್ಪತ್ತೆರಡರ ಆ ಹೆಂಗಸು ಮರುದಿನವೇ ಹಾಸಿಗೆ ಎತ್ತಿಕೊಂಡು ಮಾಳಿಗೆಗೆ ಹೋದರು. ಎರಡು ವರ್ಷ ಮಗನ ಪಕ್ಕದಲ್ಲಿ ಮಲಗಿದರು. ನಿದ್ದೆಯಲ್ಲಿ ಬಂದಾಗೆಲ್ಲ ಎದ್ದು, ಪಕ್ಕಕ್ಕೆ ಹೊರಳಿಸಿ, ಬೆನ್ನು ತಿಕ್ಕಿ, ಹೆಸರು ಹಿಡಿದು ಕರೆದರು. ಎಷ್ಟು ಸಲ ಅವನನ್ನು ಉಳಿಸಿದ್ದರೋ, ಅದು ಅವರಿಗೇ ತಿಳಿಯದು. ರಾತ್ರಿ ಎಂಟರ ಗುಳಿಗೆಗೂ ಅವರೇ ದಾರಿ ಮಾಡಿಕೊಟ್ಟರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಬಾಯಿಗೆ ಏನೂ ಹಾಕುವುದಿಲ್ಲ. ಆದರೆ ಔಷಧಕ್ಕೆ ದೋಷವಿಲ್ಲ ಎಂದು ತಾವೇ ಒಂದು ತಂಬಿಗೆ ನೀರು ಮೇಲೆ ಒಯ್ದಿಡುತ್ತಿದ್ದರು. ಆ ಎರಡು ವರ್ಷ ಅವನು ಚೆನ್ನಾಗಿದ್ದ. ಮೂರು ತಿಂಗಳಿಗೊಮ್ಮೆ ಬಂದರೆ ಬಂತು.

ಕಳೆದ ವರ್ಷ ಪ್ರಾಚಿಗೆ ಖಾನಾಪುರದ ಸಂಬಂಧ ಬಂತು. ಹುಡುಗ ಇಂಜಿನಿಯರಿಂಗ್ ಓದಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುವವನು. ಇಬ್ಬರೂ ಒಪ್ಪಿದರು. ಭಾದ್ರಪದದಲ್ಲಿ ಜೈನರು ಹತ್ತು ದಿನ ವ್ರತ ಹಿಡಿಯುವ ದಶಲಕ್ಷಣ ಪರ್ವ ಮುಗಿದ ವಾರದಲ್ಲಿ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದೆಂದು ನಿಶ್ಚಯವಾಯಿತು. ಆ ಹತ್ತು ದಿನ ಹುಡುಗನ ಸೋದರಮಾವ ಬೆಳಗಾವಿಯಲ್ಲೇ ಉಳಿದು ನಮ್ಮ ಕಡೆಯ ಬಸದಿಗೇ ಬರುವವನಿದ್ದ. ಬಾಯಿ ಜೋರಿನ ಮನುಷ್ಯ. ಮೊದಲ ಭೇಟಿಯಲ್ಲೇ ಜಿನಪಾಲನಿಗೆ ಕೇಳಿದ.

‘ನಿಮ್ಮ ತಮ್ಮ ಗಟ್ಟಿ ಅದಾನಲಾ. ಒಂದ ವರ್ಷನೂ ವ್ರತ ಹಿಡದದ್ದು ಕಾಣಲಿಲ್ಲ ಅಂತ ಮಂದಿ ಅಂತಾರ. ಏನರೆ ಐತೇನು?’

‘ಏನೂ ಇಲ್ರಿ. ಈ ವರ್ಷ ಹಿಡೀತಾನ’ ಎಂದ ಜಿನಪಾಲ.

ಶ್ರೇಣಿಕ ಹಿಡಿದ. ಹತ್ತು ದಿನ ಏಕಾಶನ, ಎಂದರೆ ದಿನಕ್ಕೆ ಒಂದೇ ಸಲ ಕೂತು ಉಣ್ಣುವುದು. ನೀರು ಕುಡಿಯುವುದೂ ಆಗಲೇ, ಮತ್ತೆ ಮರುದಿನದ ಊಟಕ್ಕೇ. ಬಸದಿಯಲ್ಲಿ ಎಲ್ಲರೆದುರು ನಿಂತು ಕೈಮುಗಿದು ಸಂಕಲ್ಪ ಮಾಡಿದ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪೂಜೆಗೆ ಹೋಗುತ್ತಿದ್ದ. ಮನೆಯಲ್ಲಿ ನೆಂಟರು ತುಂಬಿದ್ದರು. ಅವರಿಗೆಲ್ಲ ಅಡುಗೆ, ಹಾಸಿಗೆ ನೋಡಿಕೊಳ್ಳುವುದರಲ್ಲಿ ಸೋನಾಬಾಯಿಯ ಮೊಣಕಾಲು ಬಾತು ಮಾಳಿಗೆ ಹತ್ತಲಾಗಲಿಲ್ಲ. ‘ಹತ್ತ ದಿನಾ ಅಲ್ಲೇನು, ಕೆಳಗ ಮಲ್ಕೊ’ ಎಂದು ಜಿನಪಾಲನೇ ಹೇಳಿದನಂತೆ.

ಆರನೆಯ ದಿನ ಶ್ರೇಣಿಕ ನನ್ನ ಪ್ರೆಸ್ಸಿಗೆ ಬಂದ. ಪ್ರಾಚಿಯ ಕಾರ್ಯದ ಆಮಂತ್ರಣದ ಕರಡು ನೋಡಬೇಕಿತ್ತು. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿದ್ದವು.

‘ಗುಳಿಗಿ ಹೆಂಗ ಮಾಡ್ತಿ?’ ಎಂದೆ.

‘ಮಧ್ಯಾಹ್ನ ಊಟದಾಗ ಎರಡೂ ಕೂಡೇ ನುಂಗತೀನಿ. ದಿನಕ್ಕ ಎರಡು ಅಂದ್ರ ಎರಡಾದುವಲಾ.’

‘ಹನ್ನೆರಡು ತಾಸು ಅಂತರ ಇರಬೇಕು ಅಂದಿದ್ರಲ್ಲೊ.’

‘ಇನ್ನ ನಾಕ ದಿನಾ.’

‘ರಾತ್ರಿ ಸುಮ್ಮ ಒಂದ ಗುಟುಕು ನೀರಾಗ ನುಂಗು. ಯಾರ ನೋಡ್ತಾರ?’

‘ಎಲ್ಲಾರ ಮುಂದ ಕೈಮುಗದು ಹಿಡದೇನಿ. ಹಿಡದ ಮ್ಯಾಲ ಕಳವಿಲೆ ನೀರು ಕುಡಿಯೂದು ಆಗಂಗಿಲ್ಲೊ.’

‘ಪಂಡಿತರಿಗೆ ಕೇಳು. ಬ್ಯಾನಿ ಇದ್ದವರಿಗೆ ಸಡಲ ಇರತೈತಿ.’

‘ಏನಂತ ಕೇಳ್ಲಿ? ಯಾ ಬ್ಯಾನಿ ಅಂತಾರ. ಆ ಮಾವ ಬಾಜೂಕ ಕುಂತಿರ್ತಾನ.’

ತೋರಿಕೆಗೆ ಹಿಡಿದ ವ್ರತ ಅದು. ಆದರೆ ಅವನಿಗೆ ತೋರಿಕೆಗೆ ಪಾಲಿಸಲು ಬರಲಿಲ್ಲ. ಅಂಥ ಮನುಷ್ಯನಿಗೆ ಹೇಳಬೇಕಾದ ಮಾತು ಒಂದೇ ಇತ್ತು: ಶ್ರೇಣಿಕ, ನೀನು ಸಾಯಬಹುದು. ಬಾಯಿಯ ತನಕ ಬಂತು. ಆದರೆ ಹೇಳಿದರೆ, ಅವತ್ತು ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾನಲ್ಲ. ಮಷಿನ್ನಿನ ಮೇಲೆ ಗಣಪತಿ ಮಂಡಳದ ಕೆಲಸ ಬೇರೆ ಇತ್ತು. ನಾಲ್ಕೇ ದಿನ ತಾನೆ ಎಂದು ನಾನೂ ಅಂದುಕೊಂಡೆ. ಅವನು ಕರಡು ನೋಡಿ, ಪ್ರಾಚಿಯ ಹೆಸರಿನ ಅಕ್ಷರ ಇನ್ನೊಂದು ಸ್ವಲ್ಪ ದೊಡ್ಡದಿರಲಿ ಎಂದು ಹೇಳಿ ಹೋದ.

ಹತ್ತನೆಯ ದಿನ, ಅನಂತ ಚತುರ್ದಶಿಯ ಬೆಳಿಗ್ಗೆ, ಪೂಜೆಗೆ ಕರೆಯಲು ಪ್ರಾಚಿ ಮಾಳಿಗೆ ಹತ್ತಿದಳು. ಅವನು ಬೋರಲು ಮಲಗಿದ್ದ. ಮುಖ ದಿಂಬಿನಲ್ಲಿ ಹುಗಿದಿತ್ತು. ಮೈ ತಣ್ಣಗಾಗಿತ್ತು. ಹಾಸಿಗೆ ಒದ್ದೆಯಾಗಿತ್ತು, ನಾಲಿಗೆ ಕಚ್ಚಿದ ರಕ್ತ ದಿಂಬಿಗೆ ಹತ್ತಿತ್ತು. ನಾನು ಹೋಗುವಷ್ಟರಲ್ಲಿ ದಿಂಬು ಬದಲಾಗಿತ್ತು. ಓಣಿಯ ಡಾಕ್ಟರು ಬಂದು ನಾಡಿ ನೋಡಿ, ಜಿನಪಾಲ ಹೇಳಿದ್ದನ್ನು ಕೇಳಿ, ಹಾರ್ಟ್ ಅಟ್ಯಾಕ್ ಎಂದು ಬರೆದುಕೊಟ್ಟರು.

ಅಂದು ಊರಲ್ಲಿ ಗಣಪತಿ ಕಳಿಸುವ ದಿನ. ರಸ್ತೆಗಳು ಬಂದ್ ಆಗುವ ಮೊದಲು ಅವನನ್ನು ಸ್ಮಶಾನಕ್ಕೆ ಒಯ್ಯಬೇಕೆಂದು ಅವಸರ ಮಾಡಿದರು. ಡಾಲ್ಬಿ ಸ್ಪೀಕರ್ ಹೊತ್ತ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು ನಡೆದೆವು. ಬಸದಿಯ ಮಂದಿ ಎಲ್ಲರೂ ಒಂದೇ ಮಾತು ಹೇಳಿದರು. ಚತುರ್ದಶಿಯ ದಿನ, ವ್ರತದಲ್ಲಿ, ನಿದ್ದೆಯಲ್ಲಿ, ಒಂದಿಷ್ಟೂ ನೋವಿಲ್ಲದೆ. ಪುಣ್ಯಾತ್ಮ. ಆ ಸೋದರಮಾವನಂತೂ ಸೋನಾಬಾಯಿಯ ಮುಂದೆ ಕೂತು, ‘ಇಂಥಾ ಸಾವು ಕೇಳ್ಕೊಂಡ ಬರಬೇಕ್ರಿ ಆಯಿ’ ಎಂದ. ಆಕೆ ಅವನ ಮುಖ ನೋಡುತ್ತಿದ್ದರು. ಆ ನೋಟ ನನಗೆ ಇಂದಿಗೂ ಸಹಿಸಲಾಗುವುದಿಲ್ಲ.

ಸಂಜೆ ಜಿನಪಾಲ ಪತ್ರಿಕೆಯ ಕೆಲಸ ನನಗೊಪ್ಪಿಸಿದ. ಸಾವಿನ ಕಾರಣ ಏನೆಂದು ಬರೆಯಬೇಕೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ‘ಹೃದಯಾಘಾತದಿಂದ’ ಎಂದು ನನ್ನ ಕೈಯೇ ಬರೆಯಿತು.

ಹದಿಮೂರು ದಿನವಾದ ಮೇಲೆ ನಾನು ಪಂಡಿತರ ಹತ್ತಿರ ಹೋದೆ. ಹೆಸರು ಹೇಳದೆ ಕೇಳಿದೆ, ವ್ರತದಲ್ಲಿ ಇರುವ ರೋಗಿ ಹೊತ್ತು ಮುಳುಗಿದ ಮೇಲೆ ಗುಳಿಗೆ ತೆಗೆದುಕೊಳ್ಳಬಹುದೇ ಎಂದು. ಅವರಿಗೆ ಆಶ್ಚರ್ಯವಾಯಿತು. ‘ರೋಗಿಗೆ ಅಂಥಾ ವ್ರತಾನ ಕೊಡಂಗಿಲ್ರಿ. ಗುಳಿಗಿ ಅಂತ ಹೇಳಿದ್ರ ಔಷಧ ನೀರು ಬಿಟ್ಟು ಸಂಕಲ್ಪ ಮಾಡಸ್ತೀವಿ. ಒಂದ ಮಾತು ಕೇಳಿದ್ರ ಮುಗೀತು’ ಎಂದರು.

ಒಂದು ಮಾತು. ಎಲ್ಲ ಕಡೆಯೂ ಅಷ್ಟೇ ಬೇಕಾಗಿದ್ದದ್ದು.

ಮತ್ತೊಂದು ವಾರಕ್ಕೆ ಪ್ರಾಚಿ ಪ್ರೆಸ್ಸಿಗೆ ಬಂದಳು. ಸೂತಕಕ್ಕೆಂದು ಅವಳ ಕಾರ್ಯ ಮುಂದಕ್ಕೆ ಹೋಗಿತ್ತು. ಕೈಯಲ್ಲಿ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳಿದ್ದವು.

‘ಕಾಕಾ, ಇದು ಹಾರ್ಟಿನ ಗುಳಿಗಿ ಅಲ್ಲ. ಔಷಧ ಅಂಗಡ್ಯಾಗ ಕೇಳ್ದೆ. ಫಿಟ್ಸಿಂದು ಅಂದ್ರು. ಅಪ್ಪಗ ಕೇಳಿದ್ರ ಬಾಯಿ ಮುಚ್ಚು ಅಂದ. ನೀವರೆ ಹೇಳ್ರಿ.’

ಹೇಳಿದೆ. ಬಸ್ ನಿಲ್ದಾಣ, ಆಸ್ಪತ್ರೆ, ಖಾಲಿ ಗೆರೆ, ಕಲ್ಲುಕಟ್ಟೆಯ ಮೇಲೆ ನಾನು ಹೇಳಿದ ಸುಳ್ಳು, ಮಧ್ಯಾಹ್ನದ ಎರಡು ಗುಳಿಗೆ, ಪಂಡಿತರು ಹೇಳಿದ್ದು. ಒಂದನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ.

‘ಸಣ್ಣಾಕಿ ಇದ್ದಾಗ ಮಾಳಗಿ ಮ್ಯಾಲ ಧಡ್ ಅಂತ ಸಪ್ಪಳ ಆಗತಿತ್ತು. ಬೆಕ್ಕು ಅಂತಿದ್ಲು ಆಯಿ. ಇಷ್ಟ ದಿನಾ ಬೆಕ್ಕು ಅಂತ ತಿಳ್ಕೊಂಡಿದ್ದೆ.’ ಆಮೇಲೆ ಹೇಳಿದಳು, ‘ನನ್ನ ಹೆಸರಲೆ ಮುಚ್ಚಿಟ್ರಿ. ನನಗ ಒಂದ ಮಾತು ಕೇಳಿದ್ರೇನು? ಆ ಹುಡುಗ ಇಲ್ಲಾಂದ್ರ ಇನ್ನೊಬ್ಬ ಸಿಗತಿದ್ದ. ಇಲ್ಲಾಂದ್ರ ಇಲ್ಲ. ನನಗ ಇನ್ನೊಬ್ಬ ಕಾಕಾ ಎಲ್ಲಿಂದ ಬರಬೇಕು?’

ಖಾಲಿ ಸ್ಟ್ರಿಪ್ಪುಗಳನ್ನು ಮುಷ್ಟಿಯಲ್ಲಿ ಮಡಚಿಕೊಂಡಳು.

‘ನಾ ಖಾನಾಪುರಕ್ಕ ಹೋಗಿ ಹೇಳಾಕಿ. ಅಪ್ಪಗ ಗೊತ್ತಿಲ್ಲ. ನೀವು ನನ್ನ ಕೂಡ ಬರ್ರಿ. ಮನಿ ಹೊರಗಿನವರಾಗ ಕಣ್ಣಾರೆ ನೋಡಿದವರು ನೀವೊಬ್ರ.’

ಮರುದಿನ ಹೋದೆವು. ಹುಡುಗನ ಅಪ್ಪ ಅಮ್ಮ ಅಂಗಡಿಯಲ್ಲಿದ್ದರು. ಮನೆಯಲ್ಲಿ ಹುಡುಗ ಮತ್ತು ಅವನ ಅಜ್ಜಿ ಗಂಗಾದೇವಿ. ಅಜ್ಜಿ ಬಾಗಿಲಲ್ಲೇ ಕೂತು ಕಾಳು ಆರಿಸುತ್ತಿದ್ದರು. ಪ್ರಾಚಿ ನಿಂತುಕೊಂಡೇ ಎಲ್ಲ ಹೇಳಿದಳು. ಕಾಕಾನಿಗೆ ಫಿಟ್ಸ್ ಇತ್ತು, ಅದರಿಂದಲೇ ಸತ್ತ, ನಿಮಗೆ ಗೊತ್ತಾಗಬಾರದೆಂದು ಮುಚ್ಚಿಟ್ಟೆವು, ಬೇಡ ಅನ್ನುವುದಿದ್ದರೆ ಈಗಲೇ ಅನ್ನಿ. ಹುಡುಗ ಅಜ್ಜಿಯ ಕಡೆ ನೋಡಿದ. ಅಜ್ಜಿ ಮೊರ ಪಕ್ಕಕ್ಕಿಟ್ಟರು.

‘ಇಷ್ಟಕ್ಕ ಬಸ್ ಹತ್ತಿ ಬಂದ್ಯಾ? ಕುಂದರವ್ವಾ. ಅದಕ್ಕೇನ ಲಗ್ನ ಮುರಿತಾರ? ನಮ್ಮ ಮನ್ಯಾಗ ಇರಲಿಲ್ಲೇನು. ನಮ್ಮ ಸಣ್ಣ ಮೈದುನಗ ಇತ್ತು. ನಾವೂ ನಿಮಗ ಹೇಳಿರಲಿಲ್ಲ. ಇಂಥಾದ್ದನ್ನ ಯಾರ ಹೇಳ್ತಾರ?’

‘ಎಲ್ಲಿದ್ದಾರ್ರಿ ಅವರು?’ ಎಂದೆ ನಾನು.

‘ಇಲ್ಲಪಾ. ಇಪ್ಪತ್ತು ವರ್ಷ ಆತು. ರಾತ್ರಿ ಮಲಗಿದಾಂವ ಮುಂಜಾನಿ ಏಳಲಿಲ್ಲ. ಹಾರ್ಟ್ ಅಂದ್ರು.’

ಹುಡುಗನಿಗೂ ಇದು ಗೊತ್ತಿರಲಿಲ್ಲ. ಅವನು ಎದ್ದು ಒಳಗೆ ಹೋದ. ಅಜ್ಜಿ ಚಹಾಕ್ಕೆ ಹೇಳಿದರು. ಪ್ರಾಚಿ ಆ ಚಹಾ ಕುಡಿದಳು, ಅವರ ಕಾಲು ಮುಟ್ಟಿ ನಮಸ್ಕರಿಸಿದಳು, ಬಂದೆವು. ಲಗ್ನಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ಬಸ್ಸು ಮಚ್ಛೆ ಊರು ದಾಟಿತು. ನಾನೇ ಏನಾದರೂ ಹೇಳಬೇಕೆಂದು, ನೀನು ಹೇಳಿದ್ದು ಒಳ್ಳೆಯದಾಯಿತು ಎಂದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ.

‘ಅವತ್ತು ದವಾಖಾನ್ಯಾಗ ನೀವು ಖರೇ ಹೇಳಿದ್ರ ಕಾಕಾ ಏನ ಅಂತಿದ್ದ?’

‘ನಗತಿದ್ದ’ ಎಂದೆ. ‘ಎಲ್ಲಾದಕ್ಕೂ ನಗತಿದ್ದ ಅಂವ.’

‘ಹೌದು, ನಗತಿದ್ದ’ ಅಂದಳು. ‘ನಕ್ಕು, ಎಂಟಕ್ಕ ಗುಳಿಗಿ ನುಂಗತಿದ್ದ.’